ಅರಗಿನ ಮೈಗೆ ಅಂಟಿದ ಟೇಪು

ಭಾಂಡುಪಿನಲ್ಲಿ ಹಳೆಯ ಚಾಳುಗಳು ಒಂದೊಂದಾಗಿ ನೆಲಸಮವಾಗಿ, ಆ ಜಾಗದಲ್ಲಿ ಟವರುಗಳು ಏಳುತ್ತಿರುವುದು ನಮಗೆಲ್ಲ ಗೊತ್ತಿದ್ದದ್ದೇ. ಚಾಳು ಬಿಟ್ಟ ಸಂಸಾರ ಕೆಲವು ವರ್ಷ ಬಾಡಿಗೆ ಖೋಲಿಯಲ್ಲಿ ಕಾಲ ಹಾಕಬೇಕು. ಟೆಂಪೋದಲ್ಲಿ ಸಾಮಾನು ಸಾಗಿಸುವಾಗ ಬಾಗಿಲು ತೆರೆದುಕೊಳ್ಳದಿರಲೆಂದು ಮರದ ಕಪಾಟಿಗೆ ಸುತ್ತಲೂ ಟೇಪು ಬಿಗಿಯುತ್ತಾರೆ. ಅದನ್ನು ಬಿಚ್ಚುವ ಯೋಗ ಬರುವುದು ಹೊಸ ಮನೆ ಸೇರಿದ ಮೇಲೆಯೇ. ಅಷ್ಟರಲ್ಲಿ ಅಂಟು ಸುಟ್ಟ ಬೆಲ್ಲದಂತೆ ಮರಕ್ಕೆ ಕಚ್ಚಿಕೊಂಡಿರುತ್ತದೆ. “ಎಂಥ ಮಾಡೋದು ಮಾರಾಯ್ರೇ, ಭಂಗಾರಿನವನಿಗೆ ಕೊಟ್ಟುಬಿಡಿ” ಎಂಬ ಸಲಹೆ ಹುಟ್ಟುವುದು ಆಗಲೇ. ಈ ಊರಿನ ಭಂಗಾರಕ್ಕೂ ನಮ್ಮ ಬಂಗಾರಕ್ಕೂ ಇರುವುದು ಒಂದೇ ಮಹಾಪ್ರಾಣದ ಅಂತರ. ನಮ್ಮಜ್ಜ ಕೊಂಡ ಸಾಗುವಾನಿ ಕಪಾಟು ಆ ಗೆರೆ ದಾಟದಂತೆ ನೋಡಿಕೊಳ್ಳುವ ಕೆಲಸ ಕಳೆದ ವರ್ಷ ನನ್ನ ಪಾಲಿಗೆ ಬಂತು. ಆಗ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಟೇಪಿನ ಸ್ವಭಾವ ತಿಳಿಯಬೇಕು. ಅಮೆರಿಕದ ರಿಚರ್ಡ್ ಡ್ರೂ 1930ರಲ್ಲಿ ರೂಪಿಸಿದ ಪಾರದರ್ಶಕ ಟೇಪಿನಲ್ಲಿದ್ದದ್ದು ರಬ್ಬರಿನ ಅಂಟು. ಹಳೆಯ ಟೇಪುಗಳು ಹೆಚ್ಚಾಗಿ ಅದೇ ಕುಲದವು. ಗಾಳಿಯ ಆಮ್ಲಜನಕ ತಗಲುತ್ತ ತಗಲುತ್ತ ರಬ್ಬರು ಮೊದಲು ಜಿಗುಟಾಗಿ ಸೋರುತ್ತದೆ, ಅನಂತರ ಒಣಗಿ ಕಂದು ಹಕ್ಕಳೆಯಾಗುತ್ತದೆ. ರಬ್ಬರು ನೀರಿಗೆ ಜಗ್ಗುವುದಿಲ್ಲ. ಎಣ್ಣೆಗೆ, ಟರ್ಪೆಂಟೈನಿಗೆ ಜಗ್ಗುತ್ತದೆ. ಈಗಿನ ಕೆಲವು ಪ್ಯಾಕಿಂಗ್ ಟೇಪುಗಳದ್ದು ಅಕ್ರಿಲಿಕ್ ಅಂಟು. ಅದು ಇನ್ನೂ ಹಟಮಾರಿ.

ಇನ್ನು ಮರದ ಮೈ. ನಾವು ಉಜ್ಜುವುದು ಮರವನ್ನಲ್ಲ, ಅದರ ಮೇಲಿನ ಕಾಗದದಷ್ಟು ತೆಳುವಾದ ಪಾಲಿಶನ್ನು ಎಂಬುದನ್ನು ಮರೆಯಬಾರದು. ಹಳೆಯ ಸಾಗುವಾನಿ, ಬೀಟೆ ಸಾಮಾನುಗಳಿಗೆ ಹೆಚ್ಚಾಗಿ ಬಳಿಯುತ್ತಿದ್ದದ್ದು ಫ್ರೆಂಚ್ ಪಾಲಿಶ್. ಹೆಸರು ಫ್ರೆಂಚಾದರೂ ವಸ್ತು ನಮ್ಮದೇ, ಅರಗು! ಪಂಪಭಾರತದ ಪಾಠದಲ್ಲಿ ಪಾಂಡವರಿಗಾಗಿ ಕಟ್ಟಿಸಿದ ಅರಗಿನ ಮನೆ ನೆನಪಿದೆಯಷ್ಟೆ? ಮುತ್ತುಗ, ಬೋರೆ ಮುಂತಾದ ಮರಗಳ ರೆಂಬೆಯ ಮೇಲೆ ಒಂದು ಸಣ್ಣ ಕೀಟ ಒಸರುವ ರಾಳವದು. ಅದರ ಅಧ್ಯಯನಕ್ಕೆಂದೇ ರಾಂಚಿಯ ಹತ್ತಿರದ ನಾಮ್‌ಕುಮ್‌ನಲ್ಲಿ 1924ರಲ್ಲಿ ಸಂಶೋಧನಾಲಯ ಸ್ಥಾಪನೆಯಾಯಿತು. ಚನ್ನಪಟ್ಟಣದ ಗೊಂಬೆಗಳ ಹೊಳಪೂ ಅರಗಿನದೇ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿದರೆ ಪಾಲಿಶ್. ಅಂದಮೇಲೆ ಸ್ಪಿರಿಟ್ಟು ತಗಲಿದರೆ ಅದು ಮತ್ತೆ ಕರಗುವುದು ಸಹಜವಲ್ಲವೇ? ನಮ್ಮ ನೆರೆಮನೆಯವರೊಬ್ಬರು ಟೇಪಿನ ಕಲೆಗೆ ಉಗುರುಬಣ್ಣ ಅಳಿಸುವ ದ್ರವ ಹಚ್ಚಿದರು. ಟೇಪಿನ ಜೊತೆಗೆ ಪಾಲಿಶೂ ಎದ್ದು ಬಂತು.

ಆದ್ದರಿಂದ ಮೊದಲು ಪರೀಕ್ಷೆ. ಬಾಗಿಲಿನ ಒಳ ಅಂಚಿನಂತಹ, ಪಾಲಿಶ್ ಇದ್ದೂ ಕಣ್ಣಿಗೆ ಬೀಳದ ಜಾಗದಲ್ಲಿ ಸ್ಪಿರಿಟ್ಟಿನ ಒಂದು ಹನಿ ಮುಟ್ಟಿಸಿ. ಅರ್ಧ ನಿಮಿಷದಲ್ಲಿ ಜಿಗುಟಾದರೆ ಅರಗು. ಆಗದಿದ್ದರೆ ಬೇರೆ ಮೂಲೆಯಲ್ಲಿ ಥಿನ್ನರಿನ ಒಂದು ಹನಿ. ಅದಕ್ಕೆ ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನಿನಂಥ ಗಟ್ಟಿ ಲೇಪ ಇರಬಹುದು. ಯಾವುದಕ್ಕೆ ಕರಗಿತೋ ಆ ದ್ರವವನ್ನು ಕೆಲಸ ಮುಗಿಯುವವರೆಗೆ ಕಪಾಟಿನ ಹತ್ತಿರ ತರಬೇಡಿ.

ಈಗ ಕೆಲಸ. ಒಣ ಬಟ್ಟೆಯಿಂದ ಧೂಳು ಒರೆಸಿ. ಟೇಪಿನ ಹಾಳೆ ಇನ್ನೂ ಉಳಿದಿದ್ದರೆ ತುದಿ ಹಿಡಿದು ನೇರ ಮೇಲಕ್ಕೆ ಕೀಳಬಾರದು. ಹಿಂದಕ್ಕೆ ಮಡಚಿ, ಮರಕ್ಕೆ ಒತ್ತಿಕೊಂಡಂತೆ ನಿಧಾನವಾಗಿ ಎಳೆಯಬೇಕು. ಬಾರದಿದ್ದರೆ ಕೂದಲು ಒಣಗಿಸುವ ಯಂತ್ರದ ಕಡಿಮೆ ಬಿಸಿ ಸಾಕು, ಅದೂ ದೂರದಿಂದ. ಸುಮಾರು 75 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅರಗು ಕರಗುತ್ತದೆ, ಅದಕ್ಕೆ ಮುಂಚೆಯೇ ಮೆತ್ತಗಾಗುತ್ತದೆ. ಕೈ ತಡೆಯದಷ್ಟು ಬಿಸಿ ಮರಕ್ಕೂ ಬೇಡ.

ಉಳಿದ ಅಂಟು ಜಿಗುಟಾಗಿದ್ದರೆ ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಸವರಿ, ಒಂದೆರಡು ಗಂಟೆ ಬಿಟ್ಟು ಒರೆಸಿ. ಪಾಲಿಶ್ ಬಿರಿದು ಬೋಳು ಮರ ಕಾಣುವಲ್ಲಿ ಮಾತ್ರ ಎಣ್ಣೆ ಬೇಡ, ಅದು ಒಳಗಿಳಿದು ಕಪ್ಪು ಕಲೆಯಾಗುತ್ತದೆ. ಒಣ ಹಕ್ಕಳೆಯಾಗಿದ್ದರೆ ಬಣ್ಣದ ಅಂಗಡಿಯ ಟರ್ಪೆಂಟೈನನ್ನು (ಇದನ್ನೂ ಮೊದಲು ಮರೆಯಲ್ಲಿ ಪರೀಕ್ಷಿಸಿ) ಬಟ್ಟೆಗೆ ಹಾಕಿ, ಆ ಬಟ್ಟೆಯನ್ನು ಕಲೆಯ ಮೇಲೆ ಐದು ನಿಮಿಷ ಒತ್ತಿಡಿ. ಅಂಟು ಉಬ್ಬಿದ ಮೇಲೆ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮರದ ಎಳೆಯ ಗುಂಟ ತಳ್ಳಿ. ಬ್ಲೇಡು, ಮರಳು ಕಾಗದ, ಪಾತ್ರೆ ತಿಕ್ಕುವ ನಾರು ಕೂಡದು. ಒಂದೇ ಸಲಕ್ಕೆ ಬರುವುದಿಲ್ಲ. ನನಗೆ ಒಂದು ಬಾಗಿಲಿಗೆ ಎರಡು ಭಾನುವಾರ ಹಿಡಿಯಿತು. ಅಡುಗೆ, ನಿದ್ದೆ ಎಲ್ಲ ಒಂದೇ ಕೋಣೆಯಲ್ಲಾಗುವ ನಮ್ಮಂಥ ಮನೆಗಳಲ್ಲಿ ಗ್ಯಾಸಿನ ಜೊತೆಗೆ ದೇವರ ದೀಪವನ್ನೂ ಆರಿಸಿ ಕಿಟಕಿ ತೆರೆದಿಡಬೇಕು. ಟರ್ಪೆಂಟೈನ್ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯದೆ ಹೊರಗೆ ಹರಡಿ ಒಣಗಿಸಿ. ಮುದ್ದೆಯೊಳಗೆ ಕಾವು ಹುಟ್ಟಿ ತಾನಾಗಿ ಹೊತ್ತಿಕೊಳ್ಳುವುದುಂಟು.

ಅಂಟು ಹೋದ ಮೇಲೂ ಪಟ್ಟಿಯಂತಹ ಗುರುತು ಕಾಣಬಹುದು. ಅದು ಕೊಳೆಯಲ್ಲ, ಸುತ್ತಲಿನ ಮರ ಬೆಳಕು ಕಂಡು ಬಣ್ಣ ತಿರುಗಿದೆ, ಟೇಪಿನಡಿಯದು ಕಂಡಿಲ್ಲ, ಅಷ್ಟೆ. ಅದನ್ನು ಉಜ್ಜಲು ಹೋದರೆ ಕೆಟ್ಟಿರಿ. ತೆರೆದ ಬೆಳಕಿಗೆ ಬಿಡಿ, ತಿಂಗಳುಗಳು ಕಳೆದಂತೆ ಅಂತರ ತಗ್ಗುತ್ತದೆ. ಕೊನೆಗೆ ಜೇನುಮೇಣದ ಪಾಲಿಶನ್ನು ತೆಳುವಾಗಿ ತಿಕ್ಕಿದರೆ ಸಾಕು.

ಟೇಪಿನ ಜೊತೆ ಅರಗೇ ಎದ್ದು ಬಂದಿದ್ದರೂ ಎದೆಗೆಡಬೇಕಾಗಿಲ್ಲ. ಹೊಸ ಅರಗಿನ ಪಾಲಿಶು ಹಳೆಯದನ್ನು ತುಸು ಕರಗಿಸಿ ಅದರೊಂದಿಗೆ ಒಂದಾಗುತ್ತದೆ. ಬಲ್ಲ ಪಾಲಿಶಿನವನು ಅಷ್ಟೇ ಜಾಗವನ್ನು ಸರಿಪಡಿಸಬಲ್ಲ. ಇಡೀ ಕಪಾಟನ್ನು ಕೆರೆದು ಹೊಸದು ಮಾಡುತ್ತೇನೆಂದರೆ ಒಪ್ಪಬೇಡಿ.

ಇನ್ನು ಮುಂದೆ ಖೋಲಿ ಖಾಲಿ ಮಾಡುವವರು ಕಪಾಟಿಗೆ ಮೊದಲು ಹಳೆಯ ಸೀರೆ ಸುತ್ತಿ, ಅದರ ಮೇಲೆ ಹಗ್ಗ ಬಿಗಿಯಲಿ. ಟೇಪು ಬೇಕೇ ಬೇಕೆಂದರೆ ಸೀರೆಗೆ ಅಂಟಿಸಲಿ, ಮರಕ್ಕಲ್ಲ.