ಮಿಕ್ಸರ್: ಬಾಡಿಗೆಗೋ, ಸೆಕೆಂಡ್ ಹ್ಯಾಂಡೋ?

ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಸಣ್ಣ ಮನೆ ಕಟ್ಟೋದು ಐದಾರು ಜನರನ್ನ ಜೊತೆಗಿಟ್ಟುಕೊಂಡ ಮೇಸ್ತ್ರಿಗಳು. "ಬಾಡಿಗೆ ಕೊಟ್ಟೂ ಕೊಟ್ಟೂ ಸಾಕಾಯ್ತು, ಹಳೇ ಮಿಕ್ಸರ್ ಒಂದು ತಗೊಂಡ್ಬಿಡ್ಲಾ?" ಅನ್ನೋದು ಅವರ ಪ್ರಶ್ನೆ. ನಾವು ಸಿವಿಲ್ ಓದ್ತಿದೀವಿ ಅಂತ ಗೊತ್ತಾದ್ರೆ ನಮ್ಮನ್ನೂ ಕೇಳ್ತಾರೆ. ಉತ್ತರ ಯಂತ್ರದ ಬೆಲೆಯಲ್ಲಿಲ್ಲ, ಅದು ವರ್ಷಕ್ಕೆ ಎಷ್ಟು ದಿನ ಓಡುತ್ತೆ ಅನ್ನೋದರಲ್ಲಿದೆ.

ಲೆಕ್ಕಕ್ಕೆ ಅಂತ ಕೆಲವು ಅಂಕಿ ಹಿಡಿಯೋಣ, ನಿಮ್ಮೂರಿನ ರೇಟ್ ನೀವು ಹಾಕಿಕೊಳ್ಳಿ. ಹಳೇ ಮಿಕ್ಸರ್ 60,000 ರೂಪಾಯಿ. ಮೂರು ವರ್ಷ ಬಿಟ್ಟು ಮಾರಿದರೆ 25,000 ಬರುತ್ತೆ. ಅಂದರೆ ಕಳೆದದ್ದು 35,000. ವರ್ಷಕ್ಕೆ 10,000 ರಿಪೇರಿ ಸೇರಿಸಿದರೆ ಒಟ್ಟು 65,000. ಬಾಡಿಗೆ ದಿನಕ್ಕೆ 1,000 ಆದರೆ ಇದು 65 ದಿನದ ಬಾಡಿಗೆಗೆ ಸಮ, ವರ್ಷಕ್ಕೆ ಸುಮಾರು 22 ದಿನ. ಡೀಸೆಲ್ ಎರಡೂ ಕಡೆ ನಾವೇ ಹಾಕಬೇಕು ಅಂತ ಬಿಟ್ಟಿದ್ದೀವಿ. ಸಾಲ ಮಾಡಿ ತಗೊಂಡರೆ ಬಡ್ಡಿಯೂ ಸೇರುತ್ತೆ.

ಪಾಯ, ಪ್ಲಿಂತ್, ಲಿಂಟಲ್, ಸ್ಲ್ಯಾಬ್ ಎಲ್ಲಾ ಸೇರಿ ಒಂದು ಮನೆಗೆ ಎಂಟು ದಿನ ಅಂದುಕೊಂಡರೂ ವರ್ಷಕ್ಕೆ ಮೂರು ಮನೆ ಬೇಕು. ಜೂನ್‌ನಿಂದ ಮಳೆ ಹಿಡಿದರೆ ಸೊರಬದ ಕಡೆ ಕೆಲಸ ನಿಧಾನ, ಮಿಕ್ಸರ್ ತಾಡಪಾಲಿನ ಕೆಳಗೆ ತುಕ್ಕು ಹಿಡೀತಾ ನಿಲ್ಲುತ್ತೆ. ವರ್ಷಕ್ಕೆ ಒಂದೇ ಮನೆ ಕಟ್ಟೋರಿಗೆ ಬಾಡಿಗೆಯೇ ಸರಿ. ಆದರೆ ಯಾರ್ಡ್ ಶಿಕಾರಿಪುರದಲ್ಲಿದ್ದು ಕೆಲಸ ಆನವಟ್ಟಿಯಲ್ಲಿದ್ದರೆ ಸಾಗಾಟದ ಖರ್ಚು ಯಾರದು, ಬಾಡಿಗೆ ಯಾವ ಗಂಟೆಯಿಂದ ಶುರು ಅಂತ ಮೊದಲೇ ಕೇಳಬೇಕು.

ಕೊಳ್ಳೋದೇ ಆದರೆ ಬಣ್ಣ ನೋಡಬೇಡಿ. ಡ್ರಮ್ಮಿನ ಒಳಗೆ ತಲೆ ಹಾಕಿ, ಬ್ಲೇಡ್ ಸವೆದಿದೆಯಾ, ಗಟ್ಟಿಯಾದ ಕಾಂಕ್ರೀಟ್ ಅಂಟಿದೆಯಾ ನೋಡಿ. ರಿಂಗ್ ಗೇರಿನ ಹಲ್ಲು ಎಣಿಸಿ. ನಾವು ಹೋಗೋದರೊಳಗೆ ಎಂಜಿನ್ ಬಿಸಿ ಮಾಡಿ ಇಟ್ಟಿದ್ದರೆ ಸ್ವಲ್ಪ ಅನುಮಾನ ಪಡಿ, ತಣ್ಣಗಿದ್ದಾಗ ಸ್ಟಾರ್ಟ್ ಆಗಬೇಕು.

ಜೆಸಿಬಿ ಬಗ್ಗೆ ಹೆಚ್ಚು ಯೋಚನೆ ಬೇಡ. ಸಣ್ಣ ಮನೆಯ ಪಾಯ ಕೆಲವೇ ಗಂಟೆಗಳ ಕೆಲಸ, ಗಂಟೆ ಲೆಕ್ಕದಲ್ಲಿ ಡ್ರೈವರ್ ಸಮೇತ ಬರುತ್ತೆ. (ಜೆಸಿಬಿ ಕಂಪನಿಯ ಹೆಸರು, ಎಕ್ಸಾಮಲ್ಲಿ ಬ್ಯಾಕ್‌ಹೋ ಲೋಡರ್ ಅಂತಾನೇ ಬರೀರಿ.) ನೀಡಲ್ ವೈಬ್ರೇಟರ್ ಮಾತ್ರ ಸ್ವಂತದ್ದಿರಲಿ ಅನ್ಸುತ್ತೆ. ಬಾಡಿಗೆ ಉಳಿಸೋಕೆ ಮೊದಲು ಕೈಬಿಡೋದೇ ಅದನ್ನ. ರಾಡಿನಲ್ಲಿ ಚುಚ್ಚಿ ಮುಗಿಸಿದ ಕಾಂಕ್ರೀಟಿನಲ್ಲಿ ಜೇನುಗೂಡಿನಂಥ ತೂತು ಉಳಿಯುತ್ತೆ, ಅಲ್ಲಿಂದ ನೀರು ಒಳಗೆ ಹೋಗಿ ಕಂಬಿಗೆ ತುಕ್ಕು.

ನಿಜವಾದ ಅಪಾಯ ಇರೋದು ಸೆಂಟ್ರಿಂಗ್ ಶೀಟು, ಜಾಕಿಗಳಲ್ಲಿ. ಮಿಕ್ಸರ್ ಒಂದು ದಿನ ಬೇಗ ವಾಪಸ್ ಮಾಡಿದರೆ ಯಾರಿಗೂ ತೊಂದರೆ ಇಲ್ಲ. ಜಾಕಿ ಬೇಗ ತೆಗೆದರೆ ಸ್ಲ್ಯಾಬ್ ಬಾಗಬಹುದು, ಬೀಳಲೂಬಹುದು. ಐಎಸ್ 456:2000 ಪ್ರಕಾರ 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ ಆಧಾರ 7 ದಿನ ಇರಬೇಕು, ಅದಕ್ಕಿಂತ ಅಗಲವಾದರೆ 14 ದಿನ. 6 ಮೀಟರ್‌ವರೆಗಿನ ಬೀಮಿಗೂ 14 ದಿನ. ಅದೂ ಓಪಿಸಿ ಸಿಮೆಂಟಿಗೆ, ಸರಿಯಾಗಿ ಕ್ಯೂರಿಂಗ್ ಮಾಡಿದ್ದರೆ. ಈಗ ಮನೆಗಳಿಗೆ ಹೆಚ್ಚು ಬಳಸೋ ಪಿಪಿಸಿ ನಿಧಾನಕ್ಕೆ ಬಲ ಪಡೆಯುತ್ತೆ, ಇನ್ನೂ ಕೆಲವು ದಿನ ಬಿಡಬೇಕು. ದಿನದ ಬಾಡಿಗೆ ಏರ್ತಾ ಇದ್ದರೆ ಐದನೇ ದಿನಕ್ಕೇ ಮೇಸ್ತ್ರಿಯ ಕೈ ಜಾಕಿ ಕಡೆ ಹೋಗುತ್ತೆ. ಅದಕ್ಕೇ ಸೆಂಟ್ರಿಂಗನ್ನ ದಿನಕ್ಕಿಷ್ಟು ಅಂತ ತರೋದು ಬೇಡ. ಚದರ ಅಡಿಗೆ ಇಷ್ಟು, ಸ್ಲ್ಯಾಬ್ ಹಾಕಿದ ಮೇಲೆ ಇಷ್ಟು ದಿನ ಅಂತ ಮೊದಲೇ ಮಾತಾಡಿ, ಚೀಟಿಯಲ್ಲಿ ಬರೆಸಿಕೊಂಡು ತನ್ನಿ.