ಅರವಟ್ಟಿಗೆಯ ನೀರನ್ನು ಅರಿತು ಕುಡಿಯೋಣ

ಬೇಸಗೆಯ ದಿನಗಳಲ್ಲಿ ದಾರಿಹೋಕರ ದಾಹವನ್ನು ತಣಿಸಲು ಅರವಟ್ಟಿಗೆಯನ್ನಿಡುವುದು ನಮ್ಮ ನಾಡಿನ ಪುರಾತನ ಸಂಪ್ರದಾಯ. ಯಾರು, ಯಾವ ಊರು, ಯಾವ ಕುಲವೆಂದು ಕೇಳದೆ ಬಾಯಾರಿ ಬಂದವರಿಗೆಲ್ಲ ನೀರು ಮಜ್ಜಿಗೆಗಳನ್ನು ನೀಡುವ ಈ ಪದ್ಧತಿಯಲ್ಲಿ ದಾಸೋಹದ ತತ್ತ್ವವೇ ಅಡಗಿದೆ. ಇಂದಿನ ನಗರಗಳಲ್ಲಿ ಮತ್ತೊಂದು ಬಗೆಯ ಅರವಟ್ಟಿಗೆ ಕಾಣಿಸಿಕೊಂಡಿದೆ. ರೈಲು ನಿಲ್ದಾಣ, ವಿಮಾನ ನಿಲ್ದಾಣ, ಉಪಾಹಾರ ಗೃಹ, ಆಸ್ಪತ್ರೆ, ವಸತಿಗೃಹ ಎಲ್ಲೆಡೆಯೂ ದೊರೆಯುವ ಸಾರ್ವಜನಿಕ ವೈಫೈ ಅದು. ತಂತಿಯಿಲ್ಲದೆ, ಬಹುಕಡೆ ಹಣವೂ ಇಲ್ಲದೆ, ಅಂತರ್ಜಾಲವು ಅಂಗೈಗೆ ಬರುತ್ತದೆ. ಆದರೆ ಅರವಟ್ಟಿಗೆಯ ನೀರನ್ನೂ ಹಿರಿಯರು ಕಣ್ಣಿನಿಂದ ನೋಡಿ, ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದರು. ಆ ಎಚ್ಚರವನ್ನು ನಾವು ಮರೆತೆವು. ಅದರ ಬೆಲೆಯನ್ನು ನಮ್ಮನ್ನು ನಂಬಿದ ಒಬ್ಬ ತಾಯಿ ತೆರಬೇಕಾಯಿತು. ಆ ಪ್ರಸಂಗವನ್ನು ಮುಚ್ಚಿಡುವುದಕ್ಕಿಂತ ಓದುಗ ಬಂಧುಗಳ ಮುಂದೆ ನಿವೇದಿಸುವುದೇ ಲೇಸೆಂದು ಈ ಬರಹ.

ಪುಲಿಕೇಶಿನಗರದ ಒಂದು ಸಂಜೆ

ಬೆಂಗಳೂರಿನ ದಂಡುಪ್ರದೇಶಕ್ಕೆ ಸೇರಿದ ಪುಲಿಕೇಶಿನಗರವನ್ನು ಹಿರಿಯರು ಇಂದಿಗೂ ಫ್ರೇಜರ್ ಟೌನ್ ಎಂದೇ ಕರೆಯುತ್ತಾರೆ. 1898ರಲ್ಲಿ ಬೆಂಗಳೂರನ್ನು ತಲ್ಲಣಗೊಳಿಸಿದ ಪ್ಲೇಗು ಮಾರಿಯ ನಂತರ, ಗಾಳಿ ಬೆಳಕುಗಳಿಗೆ ಎಡೆಯಿರುವಂತೆ ಯೋಜಿಸಿ ಕಟ್ಟಿದ ಬಡಾವಣೆ ಇದು. ಶ್ರಾವಣ ಮಾಸದಲ್ಲಿ ಭಕ್ತರೊಬ್ಬರ ಮನೆಯಲ್ಲಿ ಪ್ರವಚನಕ್ಕೆಂದು ನಾವು ಅಲ್ಲಿಗೆ ಹೋಗಿದ್ದೆವು. ಪ್ರವಚನಕ್ಕೆ ಇನ್ನೂ ಸಮಯವಿದ್ದುದರಿಂದ ಕೋಲ್ಸ್ ಪಾರ್ಕಿನ ಸಮೀಪದ ಉಪಾಹಾರ ಗೃಹವೊಂದರಲ್ಲಿ ಕಾಫಿ ಕುಡಿಯುತ್ತ ಕುಳಿತೆವು. ಮೊಬೈಲಿನ ಸಂಪರ್ಕ ಅಲ್ಲಿ ಕ್ಷೀಣವಾಗಿತ್ತು. ವೈಫೈ ಪಟ್ಟಿಯನ್ನು ತೆರೆದಾಗ ಆ ಉಪಾಹಾರ ಗೃಹದ ಹೆಸರಿನ ಎರಡು ಜಾಲಗಳು ಕಂಡವು. ಒಂದಕ್ಕೆ ಬೀಗದ ಗುರುತಿತ್ತು, ಇನ್ನೊಂದಕ್ಕೆ ಇರಲಿಲ್ಲ. ಸುಲಭವಾದುದನ್ನೇ ಒತ್ತಿದೆವು.

ಒಡನೆಯೇ ಅಂದವಾದ ಪುಟವೊಂದು ತೆರೆದು, ಇಮೇಲ್ ವಿಳಾಸವನ್ನೂ ಅದರ ಪಾಸ್‌ವರ್ಡನ್ನೂ ನಮೂದಿಸಿ ಮುಂದುವರಿಯಿರಿ ಎಂದಿತು. ಇದೂ ಒಂದು ನಿಯಮವಿರಬೇಕೆಂದು ಬಗೆದು ಎರಡನ್ನೂ ಕೊಟ್ಟೆವು. ಜಾಲ ದೊರೆಯಲಿಲ್ಲ. ಕಾಫಿ ಮುಗಿಸಿ ಎದ್ದು ಹೋದೆವು. ಆ ವಿಷಯವನ್ನು ಮರೆತೂಬಿಟ್ಟೆವು.

ಐದಾರು ದಿನಗಳ ಮೇಲೆ ನಿವೃತ್ತ ಶಿಕ್ಷಕಿಯಾದ ವೃದ್ಧ ಶರಣೆಯೊಬ್ಬರು ದೂರವಾಣಿಯಲ್ಲಿ, "ಶಾಸ್ತ್ರಿಗಳೇ, ದಾಸೋಹಕ್ಕೆಂದು ತಾವು ಕೇಳಿದ ಹದಿನೈದು ಸಾವಿರ ತಲುಪಿತಷ್ಟೆ?" ಎಂದು ವಿಚಾರಿಸಿದರು. ನಾವು ಯಾರಿಂದಲೂ ಹಣ ಕೇಳಿರಲಿಲ್ಲ. ನಮ್ಮ ಇಮೇಲಿನಿಂದಲೇ, ನಮ್ಮ ಹೆಸರಿನಲ್ಲಿಯೇ, ಪರಿಚಿತರಾದ ಅನೇಕರಿಗೆ ಯಾಚನೆಯ ಪತ್ರಗಳು ಹೋಗಿದ್ದವು. ಉಳಿದವರು ಸಂಶಯಪಟ್ಟು ಸುಮ್ಮನಿದ್ದರು. ಈ ತಾಯಿ ಮಾತ್ರ ತಮ್ಮ ಪಿಂಚಣಿಯಿಂದ ಹಣ ಕಳುಹಿಸಿದ್ದರು. ದೂರು ಕೊಡುವಷ್ಟರಲ್ಲಿ ಆ ಹಣ ಹಲವು ಖಾತೆಗಳನ್ನು ದಾಟಿ ಹೋಗಿತ್ತು. ಆ ಮೊತ್ತವನ್ನು ನಾವು ಕೊಡಲು ಹೋದಾಗ ಅವರು ಸ್ವೀಕರಿಸಲಿಲ್ಲ. "ತಮ್ಮ ಹೆಸರು ಕಂಡಿತು, ಹಾಕಿದೆ. ಇನ್ನು ಮೇಲೆ ತಮ್ಮ ದನಿ ಕೇಳದೆ ಹಾಕುವುದಿಲ್ಲ" ಎಂದಷ್ಟೇ ನುಡಿದರು. ಆ ಮಾತು ನಮ್ಮನ್ನು ಬಹುಕಾಲ ಕಾಡಿತು. ಹೋದದ್ದು ಹದಿನೈದು ಸಾವಿರ ರೂಪಾಯಿ ಮಾತ್ರವಲ್ಲ. ನಲವತ್ತು ವರ್ಷಗಳಿಂದ ಕೂಡಿಬಂದ ಒಂದು ವಿಶ್ವಾಸಕ್ಕೆ ಬಿರುಕು ಬಿದ್ದಿತ್ತು.

ಅಂದು ಬೀಗವಿಲ್ಲದ ಆ ಜಾಲವನ್ನು ಹರಡಿದವರಾರು ಎಂಬುದು ಇಂದಿಗೂ ತಿಳಿದಿಲ್ಲ. ಅದು ತಮ್ಮದಲ್ಲವೆಂದು ಉಪಾಹಾರ ಗೃಹದವರು ಹೇಳಿದರು. ಹತ್ತಿರದ ಮೇಜಿನಲ್ಲಿ ಕುಳಿತ ಯಾರಾದರೂ ತಮ್ಮ ಲ್ಯಾಪ್‌ಟಾಪಿನಿಂದಲೇ ಅದೇ ಹೆಸರಿನ ಜಾಲವನ್ನು ಹರಡಬಲ್ಲರು ಎಂಬುದನ್ನು ಕಂಪ್ಯೂಟರ್ ಬಲ್ಲ ನಮ್ಮ ಯುವಕರು ವಿವರಿಸಿದರು.

ಒಂದೇ ಅಂಕಿತ, ಬೇರೆ ಕೈ

ವಚನ ಸಾಹಿತ್ಯವನ್ನು ಬಲ್ಲವರಿಗೆ ಈ ಮೋಸದ ಸ್ವರೂಪ ಸುಲಭವಾಗಿ ಅರ್ಥವಾದೀತು. ವಚನದಲ್ಲಿ ಬರುವ ಅಂಕಿತವು ವಚನಕಾರರ ಗುರುತು. ಆದರೆ ಅಂಕಿತವಿದ್ದ ಮಾತ್ರಕ್ಕೆ ವಚನ ಅವರದೇ ಎನ್ನಲಾಗದು. ಬಸವಣ್ಣನವರ ಅಂಕಿತವನ್ನಿಟ್ಟು ಪರರು ಸೇರಿಸಿದ ಪ್ರಕ್ಷಿಪ್ತ ವಚನಗಳೂ ಉಂಟು. 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದ ಫ.ಗು. ಹಳಕಟ್ಟಿಯವರಿಂದ ಮೊದಲ್ಗೊಂಡು ನಮ್ಮ ಸಂಶೋಧಕರೆಲ್ಲ ತಾಳೆಯೋಲೆಗಳನ್ನು ಅರಸಿ, ಹೋಲಿಸಿ, ಶುದ್ಧ ಪಾಠವನ್ನು ಕಂಡುಕೊಳ್ಳಲು ಶ್ರಮಿಸಿದುದು ಇದಕ್ಕಾಗಿಯೇ. ವೈಫೈ ಜಾಲದ ಹೆಸರೂ ಅಂತೆಯೇ. ಯಾವ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಅದಕ್ಕೆ ಅನುಮತಿ ಬೇಕಿಲ್ಲ. ನಮ್ಮ ಮೊಬೈಲ್ ಕೂಡ ಹಿಂದೆ ಕೂಡಿಕೊಂಡಿದ್ದ ತೆರೆದ ಜಾಲದ ಹೆಸರು ಮತ್ತೆಲ್ಲಿಯಾದರೂ ಕಂಡರೆ, ನಮ್ಮನ್ನು ಕೇಳದೆಯೇ ಕೂಡಿಕೊಂಡುಬಿಡಬಹುದು. ಅಂಕಿತವನ್ನಷ್ಟೇ ನೋಡಿ ವಚನವನ್ನು ಒಪ್ಪುವವರಂತೆ ಅದರ ವರ್ತನೆ.

ಗಾಳಿಯಲ್ಲಿ ಹರಿಯುವ ಮಾತು

ವೈಫೈ ಎಂಬುದು ರೇಡಿಯೋ ಅಲೆಗಳ ಮೂಲಕ ನಡೆಯುವ ಸಂವಹನ. ಇದರ ಮೊದಲ ಅಂತರರಾಷ್ಟ್ರೀಯ ಮಾನದಂಡ ಸಿದ್ಧವಾದುದು 1997ರಲ್ಲಿ. ಅಲೆಯು ಒಬ್ಬರಿಗಾಗಿ ಒಂದೇ ದಿಕ್ಕಿಗೆ ಹೋಗುವುದಿಲ್ಲ, ಸುತ್ತಲೂ ಹರಡುತ್ತದೆ. ಪಾಸ್‌ವರ್ಡ್ ಕೇಳದ ಹಳೆಯ ಬಗೆಯ ತೆರೆದ ಜಾಲದಲ್ಲಿ ಮೊಬೈಲಿನಿಂದ ಹೊರಟ ಸಂದೇಶವು ಗೂಢಲಿಪಿಯಾಗದೆ ಹೊರಡುತ್ತದೆ. ಸಮೀಪದಲ್ಲಿರುವ ಯಾರು ಬೇಕಾದರೂ ಅದನ್ನು ಹಿಡಿಯಬಹುದು. 2010ರಲ್ಲಿ ಅಮೆರಿಕದ ತಂತ್ರಜ್ಞರೊಬ್ಬರು 'ಫೈರ್‌ಶೀಪ್' ಎಂಬ ಸಣ್ಣ ತಂತ್ರಾಂಶವನ್ನು ಹೊರತಂದು, ತೆರೆದ ವೈಫೈಯಲ್ಲಿ ಪಕ್ಕದವರ ಫೇಸ್‌ಬುಕ್ ಖಾತೆಯೊಳಗೆ ಪ್ರವೇಶಿಸುವುದು ಎಷ್ಟು ಸುಲಭವೆಂದು ಲೋಕಕ್ಕೇ ತೋರಿಸಿದರು. ಅನಂತರದ ವರ್ಷಗಳಲ್ಲಿ ದೊಡ್ಡ ಜಾಲತಾಣಗಳೆಲ್ಲ ತಮ್ಮ ಸಂವಹನವನ್ನು ಆದ್ಯಂತವಾಗಿ ಗೂಢಲಿಪಿಗೆ ಒಳಪಡಿಸಿದವು.

ನಮ್ಮ ಅಲ್ಲಮಪ್ರಭುಗಳ ಬೆಡಗಿನ ವಚನಗಳು ಎಲ್ಲರ ಕಿವಿಗೂ ಬೀಳುತ್ತವೆ. ಅರ್ಥವಾಗುವುದು ಅನುಭಾವದ ಕೀಲಿ ಬಲ್ಲವರಿಗೆ ಮಾತ್ರ. ಗೂಢಲಿಪಿಯೂ ಹಾಗೆಯೇ. ಆದ್ದರಿಂದ ಇಂದು ಬ್ಯಾಂಕಿನ ಅಧಿಕೃತ ಆ್ಯಪಿನಲ್ಲಿ ನಡೆಯುವ ವ್ಯವಹಾರವನ್ನು ಪಕ್ಕದ ಮೇಜಿನವರು ಸಾಮಾನ್ಯವಾಗಿ ಓದಲಾರರು. ನಾವು ಯಾವ ತಾಣಕ್ಕೆ ಹೋದೆವು ಎಂಬುದು ಮಾತ್ರ ಜಾಲ ನಡೆಸುವವರಿಗೆ ಬಹುಮಟ್ಟಿಗೆ ತಿಳಿಯಬಲ್ಲದು. ಇಂದಿನ ದೊಡ್ಡ ಅಪಾಯವಿರುವುದು ಕದ್ದು ಕೇಳುವವರಿಗಿಂತ ಹೆಚ್ಚಾಗಿ, ಕೇಳಿ ಪಡೆಯುವವರಲ್ಲಿ. ನಮ್ಮ ಪಾಸ್‌ವರ್ಡನ್ನು ಯಾರೂ ಗಾಳಿಯಿಂದ ಕದಿಯಲಿಲ್ಲ. ನಾವೇ ಕೈಯಾರೆ ಕೊಟ್ಟೆವು.

ಇಲ್ಲಿ ಇನ್ನೊಂದು ಭ್ರಮೆಯನ್ನೂ ಕಳೆಯಬೇಕು. ಜಾಲತಾಣದ ವಿಳಾಸದ ಬಳಿಯ ಬೀಗದ ಚಿಹ್ನೆ, ದಾರಿ ಭದ್ರವಾಗಿದೆ ಎಂದು ಸೂಚಿಸುತ್ತದೆಯೇ ಹೊರತು ತಲುಪಿದ ಮನೆ ಸಜ್ಜನರದೆಂದು ಹೇಳುವುದಿಲ್ಲ. ಅಂತೆಯೇ, ಗೋಡೆಯ ಮೇಲೆ ಪಾಸ್‌ವರ್ಡ್ ಬರೆದಿಟ್ಟ ಜಾಲವು ತೆರೆದ ಜಾಲಕ್ಕಿಂತ ಮೇಲಾದರೂ, ಎಲ್ಲರ ಕೈಯಲ್ಲೂ ಒಂದೇ ಕೀಲಿಕೈ ಇರುವ ಛತ್ರದ ಕೋಣೆಯಂತೆ.

ಕೇಳಬೇಕಾದುದು, ಕೇಳಬಾರದುದು

ಬೆಂಗಳೂರಿಗೆ ಸಾರ್ವಜನಿಕ ವೈಫೈ ಹೊಸದಲ್ಲ. 2014ರ ಜನವರಿಯಲ್ಲಿ ಮಹಾತ್ಮ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆ ಮೊದಲಾದೆಡೆ 'ನಮ್ಮ ವೈಫೈ' ಎಂಬ ಉಚಿತ ಸೇವೆ ಪ್ರಾರಂಭವಾಗಿ, ಕೆಲಕಾಲ ನಡೆದು ನಿಂತುಹೋಯಿತು. 2016ರಿಂದ ರೈಲು ನಿಲ್ದಾಣಗಳಲ್ಲಿ ರೈಲ್‌ಟೆಲ್ ಸಂಸ್ಥೆಯ ಸೇವೆ ಹರಡಿತು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು 'ಪಿಎಂ-ವಾಣಿ' ಯೋಜನೆಗೆ ಒಪ್ಪಿಗೆಯಿತ್ತು, ಕಿರಾಣಿ ಅಂಗಡಿಯವರೂ ವೈಫೈ ಒದಗಿಸಲು ಹಾದಿಮಾಡಿತು.

ಇಂತಹ ಸೇವೆಗಳು ನಮ್ಮ ಮೊಬೈಲ್ ಸಂಖ್ಯೆಯನ್ನು ಕೇಳಿ ಓಟಿಪಿ ಕಳುಹಿಸುವುದು ಸಹಜ. ಅದಕ್ಕೆ ಕಾರಣವುಂಟು. 2008ರ ಜುಲೈನಲ್ಲಿ ಅಹಮದಾಬಾದಿನ ಬಾಂಬ್ ಸ್ಫೋಟಗಳಿಗೆ ಮುನ್ನ ಭಯೋತ್ಪಾದಕರು ಕಳುಹಿಸಿದ ಇಮೇಲ್, ನವಿ ಮುಂಬಯಿಯ ಮನೆಯೊಂದರ ಭದ್ರಪಡಿಸದ ವೈಫೈ ಮೂಲಕ ಹೋಗಿತ್ತು. ಏನೂ ಅರಿಯದ ಆ ಮನೆಯವರು ತನಿಖೆಗೆ ಒಳಗಾಗಬೇಕಾಯಿತು. 2009ರಲ್ಲಿ ದೂರಸಂಪರ್ಕ ಇಲಾಖೆಯು ವೈಫೈ ಬಳಸುವವರ ಗುರುತನ್ನು ದಾಖಲಿಸಬೇಕೆಂದು ಸೂಚನೆ ಹೊರಡಿಸಿತು. ಆದಕಾರಣ ಮೊಬೈಲ್ ಸಂಖ್ಯೆ ಕೇಳಿದರೆ ಅಂಜಬೇಕಿಲ್ಲ. ಆದರೆ ಇಮೇಲಿನ ಪಾಸ್‌ವರ್ಡ್, ಎಟಿಎಂ ಕಾರ್ಡಿನ ಸಂಖ್ಯೆ, ಯುಪಿಐ ಪಿನ್ ಇವನ್ನು ಉಚಿತ ವೈಫೈಗಾಗಿ ಕೇಳುವ ಪುಟ ನಿಸ್ಸಂದೇಹವಾಗಿ ಮೋಸದ್ದು. ಬಂದ ಓಟಿಪಿ ಸಂದೇಶವನ್ನೂ ಪೂರ್ತಿಯಾಗಿ ಓದಬೇಕು. ಅದು ವೈಫೈಗೆ ಬಂದುದೋ, ಬ್ಯಾಂಕಿನಿಂದ ಬಂದುದೋ ನೋಡಿಯೇ ನಮೂದಿಸಬೇಕು. ಈ ಒಂದು ವಿವೇಕ ನಮಗೆ ಅಂದು ಇದ್ದಿದ್ದರೆ ಆ ತಾಯಿಯ ಹಣ ಉಳಿಯುತ್ತಿತ್ತು.

ಮನೆಮಂದಿಗೆ ಕೆಲವು ನಿಯಮಗಳು

ಮೊದಲನೆಯದಾಗಿ, ಹಣದ ವ್ಯವಹಾರಕ್ಕೆ ಸಾಧ್ಯವಾದಮಟ್ಟಿಗೆ ಮೊಬೈಲಿನ ಸ್ವಂತ ಡೇಟಾವನ್ನೇ ಬಳಸಬೇಕು. ಹೊರಗಡೆ ಲ್ಯಾಪ್‌ಟಾಪ್ ಬಳಸುವವರಿಗೂ ತಮ್ಮದೇ ಮೊಬೈಲಿನ ಹಾಟ್‌ಸ್ಪಾಟ್ ಲೇಸು.

ಎರಡನೆಯದಾಗಿ, ಜಾಲದ ನಿಜವಾದ ಹೆಸರನ್ನು ಅಲ್ಲಿನ ಸಿಬ್ಬಂದಿಯಿಂದಲೇ ಕೇಳಿ ತಿಳಿಯಬೇಕು. ಕೆಲಸ ಮುಗಿದ ಮೇಲೆ ಮೊಬೈಲಿನಲ್ಲಿ ಆ ಜಾಲವನ್ನು ಅಳಿಸಿಹಾಕಬೇಕು. ತಾನಾಗಿ ಕೂಡಿಕೊಳ್ಳುವ ಸೌಕರ್ಯವನ್ನು ನಿಲ್ಲಿಸಬೇಕು.

ಮೂರನೆಯದಾಗಿ, 'ಈ ತಾಣದ ಭದ್ರತೆ ಖಚಿತವಿಲ್ಲ' ಎಂಬ ಎಚ್ಚರಿಕೆ ಪರದೆಯ ಮೇಲೆ ಬಂದರೆ ಮುಂದುವರಿಯದೆ ಹಿಂದಿರುಗಬೇಕು. ವೈಫೈ ಪುಟವು ಯಾವುದಾದರೂ ಆ್ಯಪನ್ನು ಇಳಿಸಿಕೊಳ್ಳಲು ಹೇಳಿದರೆ ಒಪ್ಪಬಾರದು.

ನಾಲ್ಕನೆಯದಾಗಿ, ಇಮೇಲಿಗೂ ವಾಟ್ಸ್‌ಆ್ಯಪಿಗೂ ಎರಡು ಹಂತದ ದೃಢೀಕರಣವನ್ನು ಅಳವಡಿಸಬೇಕು. ಪಾಸ್‌ವರ್ಡ್ ಕಳುವಾದರೂ ಈ ಎರಡನೆಯ ಬೀಗ ಕಳ್ಳನನ್ನು ಬಹುಮಟ್ಟಿಗೆ ತಡೆಯುತ್ತದೆ. ನಮ್ಮ ಖಾತೆಗೆ ಅದಿರಲಿಲ್ಲ. ಒಂದೇ ಪಾಸ್‌ವರ್ಡನ್ನು ಹಲವು ಕಡೆ ಬಳಸುವುದು ಮನೆಯ ಬಾಗಿಲಿಗೂ ತಿಜೋರಿಗೂ ಒಂದೇ ಕೀಲಿ ಮಾಡಿಸಿದಂತೆ.

ಐದನೆಯದಾಗಿ, ಮೊಬೈಲಿನ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಬೇಕು. ಪಾಸ್‌ವರ್ಡ್ ಇರುವ ವೈಫೈಯ ರಕ್ಷಣೆಯಲ್ಲಿಯೂ ದೋಷವಿರುವುದನ್ನು 2017ರಲ್ಲಿ ಬೆಲ್ಜಿಯಂ ದೇಶದ ಸಂಶೋಧಕರು ಕಂಡುಹಿಡಿದರು. ಆಗ ಜನರನ್ನು ಕಾಪಾಡಿದುದು ಈ ನವೀಕರಣವೇ. ಮನೆಯ ವೈಫೈಗೂ ಗಟ್ಟಿಯಾದ ಪಾಸ್‌ವರ್ಡ್ ಇಡಬೇಕೆಂದು ಬೇರೆ ಹೇಳಬೇಕಿಲ್ಲ.

ಕೊನೆಯದಾಗಿ, ಗುರುಗಳ ಹೆಸರಿನಲ್ಲಾಗಲಿ ಬಂಧುಗಳ ಹೆಸರಿನಲ್ಲಾಗಲಿ ಹಣ ಕೇಳಿ ಸಂದೇಶ ಬಂದರೆ, ನಮ್ಮಲ್ಲಿ ಮೊದಲೇ ಇರುವ ಸಂಖ್ಯೆಗೆ ನಾವೇ ಕರೆಮಾಡಿ ವಿಚಾರಿಸಬೇಕು. ದನಿಯನ್ನೂ ಯಂತ್ರದಿಂದ ಅನುಕರಿಸುವ ಕಾಲವಿದು. ಆದ್ದರಿಂದ ಬಂದ ಕರೆಯನ್ನು ನಂಬುವುದಕ್ಕಿಂತ ನಾವೇ ಕರೆ ಮಾಡುವುದು ಕ್ಷೇಮ.

ಮೋಸ ಹೋದೆವೆಂದು ತಿಳಿದ ಕ್ಷಣವೇ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು, ಬ್ಯಾಂಕಿಗೂ ತಿಳಿಸಬೇಕು. ಹಣ ಕೈಬದಲಾಗುವ ಮೊದಲೇ ತಡೆಹಿಡಿಯುವ ಅವಕಾಶವಿರುವುದು ಆರಂಭದ ಗಂಟೆಗಳಲ್ಲಿ. ದೇಶದ ಪ್ರಥಮ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಸ್ಥಾಪನೆಗೊಂಡುದು ನಮ್ಮ ಬೆಂಗಳೂರಿನಲ್ಲಿಯೇ. ಆದರೆ ನಾಚಿಕೆಯಿಂದ ಸುಮ್ಮನಿರುವವರಿಗೆ ಯಾವ ಠಾಣೆಯೂ ನೆರವಾಗಲಾರದು.

ಗುಟ್ಟು ಎಂದರೆ ತಪ್ಪಲ್ಲ

ಮುಚ್ಚಿಡುವಂಥದು ನಮ್ಮಲ್ಲೇನಿದೆ ಎಂದು ಅನೇಕ ಸಜ್ಜನರು ಕೇಳುತ್ತಾರೆ. ನಾವೂ ಹಾಗೆಯೇ ಹೇಳುತ್ತಿದ್ದೆವು. ಇಷ್ಟಲಿಂಗವನ್ನು ನಾವು ವಸ್ತ್ರದಲ್ಲಿ ಸುತ್ತಿ, ಕರಡಿಗೆಯಲ್ಲಿರಿಸಿ ಎದೆಯ ಮೇಲೆ ಧರಿಸುತ್ತೇವೆ, ಪರಹಸ್ತಕ್ಕೆ ಕೊಡುವುದಿಲ್ಲ. ನಾಚಿಕೆಪಡಬೇಕಾದುದೆಂದು ಹಾಗೆ ಮಾಡುತ್ತೇವೆಯೇ? ಅಲ್ಲ, ಅಮೂಲ್ಯವಾದುದೆಂದು ಮಾಡುತ್ತೇವೆ. ಮನೆಯ ಮಾತು, ಹೆಣ್ಣುಮಕ್ಕಳ ಭಾವಚಿತ್ರ, ರೋಗಿಯ ವರದಿ, ವೃದ್ಧರ ಉಳಿತಾಯ ಇವೂ ಜೋಪಾನ ಮಾಡಬೇಕಾದವುಗಳೇ. ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅವರು ನ್ಯಾಯಾಲಯದ ಮೆಟ್ಟಿಲೇರಿದಾಗ ವಯಸ್ಸು ಎಂಬತ್ತನ್ನು ಮೀರಿತ್ತು. ವೃದ್ಧಾಪ್ಯವು ಹೊಸ ಕಾಲದ ವಿಷಯಗಳನ್ನು ಅರಿಯದಿರಲು ನೆಪವಾಗದೆಂಬುದಕ್ಕೆ ಅವರೇ ಸಾಕ್ಷಿ.

ಪ್ಲೇಗಿನ ನಂತರ ಊರನ್ನು ಹೇಗೆ ಕಟ್ಟಬೇಕೆಂದು ನಮ್ಮ ಹಿರಿಯರು ಕಲಿತರು. ಆ ಕಲಿಕೆಯ ಗುರುತು ಪುಲಿಕೇಶಿನಗರದ ಬೀದಿಗಳಲ್ಲಿದೆ. ನಾವೂ ನಮ್ಮ ಅನುಭವದಿಂದ ಕಲಿಯಬೇಕು. ಈಗ ಪ್ರತಿ ಪ್ರವಚನದ ಕೊನೆಯಲ್ಲಿ ನಾವು ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದೇವೆ: ನಮ್ಮ ಹೆಸರಿನಲ್ಲಿ ಸಂದೇಶದ ಮೂಲಕ ಯಾರಾದರೂ ಹಣ ಕೇಳಿದರೆ, ಅದು ನಾವಲ್ಲ. ಕಳೆದ ತಿಂಗಳು ಆ ಶಿಕ್ಷಕಿ ತಾಯಿ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಈ ಮಾತನ್ನು ನಾವು ಹೇಳಿದಾಗ ಅವರು ಪಕ್ಕದಲ್ಲಿದ್ದ ಮೊಮ್ಮಗಳ ಮೊಬೈಲನ್ನು ತೆಗೆದುಕೊಂಡು, "ಎರಡನೆಯ ಬೀಗ ಹಾಕಿದ್ದೀಯೇನವ್ವಾ?" ಎಂದು ಕೇಳುತ್ತಿದ್ದರು. ಓದುಗ ಬಂಧುಗಳೂ ಈ ಪುಟವನ್ನು ಮಡಿಸುವ ಮುನ್ನ ಮನೆಮಂದಿಯನ್ನು ಅದೇ ಪ್ರಶ್ನೆ ಕೇಳಲೆಂದು ವಿನಂತಿಸುತ್ತೇವೆ.