ಬವಳಿ ಬರುವುದೇಕೆ?

ಅಂಗಳದಲ್ಲಿ ಮಕ್ಕಳು ಕೈಚಾಚಿ ಗಿರಗಿರನೆ ಸುತ್ತಿ ಥಟ್ಟನೆ ನಿಂತಾಗ ಏನಾಗುತ್ತದೆಂಬುದನ್ನು ನಾವೆಲ್ಲರೂ ಬಲ್ಲೆವು. ಕಾಲು ನಿಂತಿದೆ, ಆದರೆ ಮನೆ, ಮರ, ಬಾವಿಕಟ್ಟೆಗಳೆಲ್ಲ ಸುತ್ತುತ್ತಲೇ ಇವೆ. ಮಕ್ಕಳಿಗೆ ಇದೊಂದು ವಿನೋದ. ಸುಮ್ಮನೆ ಕುಳಿತವರಿಗೆ ಇಲ್ಲವೆ ಮಲಗಿದವರಿಗೆ ಇದೇ ಅನುಭವವಾದರೆ ಅದು ವಿನೋದವಲ್ಲ. ನಮ್ಮ ಮನೆಗಳಲ್ಲಿ ಇದಕ್ಕೆ ‘ಪಿತ್ತ ಕೆದರಿದೆ’ ಎಂಬ ಒಂದೇ ಕಾರಣವನ್ನು ಹೇಳಿ, ನಿಂಬೆಹಣ್ಣಿನ ಪಾನಕವನ್ನು ಕುಡಿಸಿ ಮಲಗಿಸುವುದು ರೂಢಿ. ಬಹುಮಟ್ಟಿಗೆ ಇದರಿಂದ ಹಾನಿಯಿಲ್ಲ. ಆದರೆ ಕೆಲವು ವೇಳೆ ಇದರಿಂದ ಅಮೂಲ್ಯವಾದ ಗಂಟೆಗಳು ವ್ಯರ್ಥವಾಗಿ ಕಳೆದುಹೋಗುತ್ತವೆ. ಆದುದರಿಂದ ಬವಳಿಯ ಕಾರಣವನ್ನು ಸ್ವಲ್ಪ ವಿಚಾರ ಮಾಡೋಣ.

ಮೊದಲು ಒಂದು ಸುಲಭವಾದ ಪ್ರಯೋಗ. ಅಗಲವಾದ ಬೋಗುಣಿಯಲ್ಲಿ ನೀರನ್ನು ತುಂಬಿ, ಅದು ನಿಶ್ಚಲವಾದ ಮೇಲೆ ಒಂದು ಚಿಟಿಕೆ ಅರಿಶಿನದ ಪುಡಿಯನ್ನು ಉದುರಿಸಿರಿ. ಬೋಗುಣಿಯನ್ನು ತಿರುಗಿಸತೊಡಗಿದರೆ ಪುಡಿಯು ಮೊದಲು ಇದ್ದಲ್ಲಿಯೇ ಇರುತ್ತದೆ. ಪಾತ್ರೆ ತಿರುಗಿತು, ನೀರು ಹಿಂದುಳಿಯಿತು. ತಿರುಗಿಸುತ್ತಲೇ ಇದ್ದರೆ ನೀರೂ ಕ್ರಮೇಣ ಪಾತ್ರೆಯ ವೇಗವನ್ನು ಪಡೆಯುತ್ತದೆ. ಆಗ ಪಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ನೀರು ನಿಲ್ಲದೆ ಸುತ್ತುತ್ತಲೇ ಇರುತ್ತದೆ. ಇದು ನ್ಯೂಟನ್ನನ ಮೊದಲನೆಯ ನಿಯಮವು ಹೇಳುವ ಜಡತ್ವವೇ ಹೊರತು ಬೇರೆಯಲ್ಲ.

ಇಂಥ ಬೋಗುಣಿಗಳು ನಮ್ಮ ಪ್ರತಿಯೊಂದು ಒಳಕಿವಿಯಲ್ಲಿಯೂ ಮೂರು ಮೂರು ಇವೆಯೆಂದರೆ ಆಶ್ಚರ್ಯವಾಗಬಹುದು. ಅವು ಅರ್ಧವೃತ್ತಾಕಾರದ ನಾಳಗಳು. ಕೋಣೆಯ ಮೂಲೆಯಲ್ಲಿ ಎರಡು ಗೋಡೆಗಳೂ ನೆಲವೂ ಕೂಡುವಂತೆ, ಅವು ಒಂದಕ್ಕೊಂದು ಹೆಚ್ಚು ಕಡಮೆ ಲಂಬವಾಗಿವೆ. ಆದುದರಿಂದ ತಲೆಯು ಯಾವ ದಿಕ್ಕಿನಲ್ಲಿ ತಿರುಗಿದರೂ ಒಂದಲ್ಲ ಒಂದು ನಾಳಕ್ಕೆ ಅದು ತಿಳಿಯುತ್ತದೆ. ನಾಳದಲ್ಲಿ ಒಂದು ದ್ರವವಿದೆ. ಅದಕ್ಕೆ ಅಡ್ಡವಾಗಿ ಲೋಳೆಯಂಥ ತೆಳುವಾದ ಪರದೆಯೊಂದಿದೆ. ತಲೆ ತಿರುಗಿದಾಗ ದ್ರವವು ಕೊಂಚ ಹಿಂದುಳಿದು ಪರದೆಯನ್ನು ಬಾಗಿಸುತ್ತದೆ. ಅದರೊಳಕ್ಕೆ ಚಾಚಿರುವ ಸೂಕ್ಷ್ಮ ರೋಮಗಳೂ ಬಾಗಿ, ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಒಂದೇ ವೇಗದಲ್ಲಿ ಸುತ್ತುತ್ತಿದ್ದರೆ ಪರದೆಯು ತನ್ನ ಸ್ಥಿತಿಸ್ಥಾಪಕತ್ವದಿಂದ ಮೆಲ್ಲನೆ ಮೊದಲಿನ ಸ್ಥಾನಕ್ಕೆ ಬರುತ್ತದೆ. ಥಟ್ಟನೆ ನಿಂತರೆ ದ್ರವವು ಮುನ್ನುಗ್ಗಿ ಪರದೆಯನ್ನು ಎದುರು ದಿಕ್ಕಿಗೆ ಬಾಗಿಸುತ್ತದೆ. ‘ತಿರುಗುತ್ತಿದ್ದೇವೆ’ ಎಂದು ಕಿವಿ, ‘ನಿಂತಿದ್ದೇವೆ’ ಎಂದು ಕಾಲು! ಈ ವಿರುದ್ಧ ಸಾಕ್ಷ್ಯಗಳ ಫಲವೇ ಬವಳಿ.

ಈ ವಿಷಯವನ್ನು 1870ರ ದಶಕದಲ್ಲಿ ವಿವರಿಸಿದವರ ಪೈಕಿ ಭೌತವಿಜ್ಞಾನಿಯಾದ ಎರ್ನ್ಸ್ಟ್ ಮಾಕ್ ಒಬ್ಬನು. ವಿಯೆನ್ನಾದ ವೈದ್ಯ ಬ್ರಾಯರ್ ಮತ್ತು ಎಡಿನ್‌ಬರೋದ ರಸಾಯನವಿಜ್ಞಾನಿ ಕ್ರಮ್ ಬ್ರೌನ್ ಇವರೂ ಸ್ವತಂತ್ರವಾಗಿ ಅದೇ ನಿರ್ಣಯಕ್ಕೆ ಬಂದರು. ಮುಂದೆ ರಾಬರ್ಟ್ ಬಾರಾನಿ ಎಂಬ ವೈದ್ಯನು ಕಿವಿಗೆ ತಣ್ಣೀರು ಹಾಯಿಸಿದರೆ ಕಣ್ಣಾಲಿಗಳು ಒಂದು ಕಡೆಗೂ, ಬಿಸಿನೀರು ಹಾಯಿಸಿದರೆ ಇನ್ನೊಂದು ಕಡೆಗೂ ಎಗರುವುದನ್ನು ಕಂಡನು. ಕಾದ ದ್ರವವು ಮೇಲೇರುವುದರಿಂದ ನಾಳದಲ್ಲಿ ಪ್ರವಾಹವುಂಟಾಗುತ್ತದೆಂದು ಅವನು ವಿವರಿಸಿದನು. ಅವನ ಸಂಶೋಧನೆಗಳಿಗೆ 1914ರ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ 1983ರಲ್ಲಿ ಬಾಹ್ಯಾಕಾಶದ ಪ್ರಯೋಗಶಾಲೆಯಲ್ಲಿ, ಎಂದರೆ ಭಾರವಿಲ್ಲದಿರುವಲ್ಲಿಯೂ, ಕಣ್ಣಿನ ಈ ಚಲನೆ ಕಂಡುಬಂದಿತು. ಬಾರಾನಿಯ ವಿವರಣೆಯು ಪೂರ್ಣವಲ್ಲವೆಂದು ಇದರಿಂದ ತಿಳಿಯಿತು.

ಒಳಕಿವಿಯಲ್ಲಿ ಇನ್ನೊಂದು ಸಲಕರಣೆಯಿದೆ. ಗುರುತ್ವದ ದಿಕ್ಕನ್ನು ತಿಳಿಯಲು, ಸುಣ್ಣಕಲ್ಲಿನ ವಸ್ತುವೇ ಆದ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳು ಅಲ್ಲಿವೆ. ವಯಸ್ಸಾದವರಲ್ಲಿ, ಇಲ್ಲವೆ ತಲೆಗೆ ಪೆಟ್ಟು ಬಿದ್ದವರಲ್ಲಿ, ಕೆಲವು ಹರಳುಗಳು ಕಳಚಿ ನಾಳದೊಳಗೆ ಜಾರುವುದುಂಟು. ಆಗ ಹಾಸಿಗೆಯಲ್ಲಿ ಮಗ್ಗುಲಾದರೆ, ಅಟ್ಟದ ಕಡೆ ಕತ್ತೆತ್ತಿದರೆ, ಲೋಕವೇ ಗರ್ರನೆ ತಿರುಗುತ್ತದೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಶಮನವಾಗುತ್ತದೆ. ನಮ್ಮ ತಾಯಿಯವರು ಹೀಗೆಯೇ ಎರಡು ತಿಂಗಳು ಪಿತ್ತದ ಔಷಧವನ್ನು ಸೇವಿಸುತ್ತಿದ್ದರು. ಕೊನೆಗೆ ಕಿವಿಯ ವೈದ್ಯರು ಅವರ ತಲೆಯನ್ನು ಕ್ರಮವಾಗಿ ಒಂದೊಂದು ಕೋನಕ್ಕೆ ತಿರುಗಿಸಿ ಮಲಗಿಸಿ, ಮತ್ತೆ ಕೂರಿಸಿದರು. ಹರಳುಗಳು ಗುರುತ್ವದಿಂದಲೇ ಜಾರಿ ನಾಳದಿಂದ ಹೊರಬಿದ್ದುವು. ಗುಳಿಗೆಯಿಲ್ಲ, ಶಸ್ತ್ರವಿಲ್ಲ! ಅಮೆರಿಕದ ವೈದ್ಯ ಎಪ್ಲಿ 1992ರಲ್ಲಿ ಪ್ರಕಟಿಸಿದ ಕ್ರಮವಿದು. ಯಾವ ಕಿವಿ, ಯಾವ ನಾಳ ಎಂಬುದನ್ನು ವೈದ್ಯರು ನಿರ್ಧರಿಸಿದ ಹೊರತು ಇದನ್ನು ತಾವಾಗಿ ಮಾಡಿಕೊಳ್ಳುವುದು ಉಚಿತವಲ್ಲ.

ಬವಳಿಯನ್ನು ತಿಳಿಯಲು ಕಾಲಾವಧಿಯೇ ಒಳ್ಳೆಯ ಅಳತೆಗೋಲು. ಕೆಲವು ಸೆಕೆಂಡುಗಳದಾದರೆ ಹರಳುಗಳ ಕಾರಣವಿರಬಹುದು. ಕಿವಿಯಲ್ಲಿ ಮೊರೆತ, ಮಂದ ಶ್ರವಣಗಳೊಡನೆ ಗಂಟೆಗಟ್ಟಲೆ ಬಂದು ಹೋಗುತ್ತಿದ್ದರೆ, 1861ರಲ್ಲಿ ಫ್ರಾನ್ಸಿನ ಮೆನಿಯೇರ್ ವರ್ಣಿಸಿದ ವ್ಯಾಧಿಯಿರಬಹುದು. ದಿನಗಟ್ಟಲೆ ಎಡೆಬಿಡದೆ ಇದ್ದರೆ ಕಿವಿಯ ನರದ ಉರಿಯೂತವಿರಬಹುದು. ಮಿದುಳಿನ ರಕ್ತನಾಳ ಕಟ್ಟಿಕೊಂಡಿದ್ದರೂ ಇರಬಹುದು. ಆದುದರಿಂದ ಬಿಡದ ಬವಳಿಯನ್ನು ಆ ದಿನವೇ ವೈದ್ಯರಿಗೆ ತೋರಿಸಬೇಕು.

ಥಟ್ಟನೆ ಎದ್ದು ನಿಂತಾಗ ಕಣ್ಣು ಕತ್ತಲೆಗಟ್ಟುವುದು ಬೇರೆಯ ಸಂಗತಿ. ಅಲ್ಲಿ ಏನೂ ಸುತ್ತುವುದಿಲ್ಲ. ನಿಂತೊಡನೆ ಅರ್ಧ ಲೀಟರಿಗೂ ಮಿಗಿಲಾದ ರಕ್ತವು ಗುರುತ್ವದಿಂದ ಕಾಲು, ಹೊಟ್ಟೆಗಳ ಕಡೆಗೆ ಇಳಿಯುತ್ತದೆ. ರಕ್ತನಾಳಗಳು ಕೂಡಲೆ ಬಿಗಿಯದಿದ್ದರೆ ಮಿದುಳಿಗೆ ರಕ್ತ ಸಾಲದು. ಉಪವಾಸ, ಭೇದಿ, ರಕ್ತಹೀನತೆ, ರಕ್ತದೊತ್ತಡದ ಔಷಧಗಳು ಇದಕ್ಕೆ ಕಾರಣವಾಗಬಲ್ಲವು. ಕುಳಿತರೆ ಇಲ್ಲವೆ ಮಲಗಿದರೆ ಸರಿಹೋಗುತ್ತದೆ. ಪದೇ ಪದೇ ಆದರೆ ಪರೀಕ್ಷೆ ಅಗತ್ಯ.

ಇನ್ನು ಕಾಯಲೇಬಾರದ ಲಕ್ಷಣಗಳನ್ನು ವಾಚಕರು ಮನಸ್ಸಿನಲ್ಲಿಡಬೇಕು. ಬವಳಿಯೊಡನೆ ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಮುಖ ಸೊಟ್ಟಗಾಗುವುದು, ಕೈಕಾಲು ಶಕ್ತಿಗುಂದುವುದು ಅಥವಾ ಜೋಮುಹಿಡಿಯುವುದು, ಆಸರೆಯಿಲ್ಲದೆ ನಿಲ್ಲಲಾಗದಿರುವುದು, ಹಿಂದೆಂದೂ ಇರದಂಥ ತಲೆನೋವು, ಎದೆನೋವು, ಪ್ರಜ್ಞೆ ತಪ್ಪುವುದು - ಇವುಗಳಲ್ಲಿ ಒಂದಿದ್ದರೂ ಒಡನೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ನಮ್ಮ ರಾಜ್ಯದಲ್ಲಿ 108ಕ್ಕೆ ದೂರವಾಣಿ ಮಾಡಿದರೆ ವಾಹನ ಬರುತ್ತದೆ. ಮಿದುಳಿನ ರಕ್ತನಾಳದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೂ ವಿಳಂಬ ಸಲ್ಲದು.

ನಮ್ಮ ನೆರೆಯ ಹಿರಿಯರೊಬ್ಬರಿಗೆ ಬೆಳಿಗ್ಗೆ ಬವಳಿ ಬಂದು ಮಾತು ತೊದಲಿತು. ‘ಪಿತ್ತ; ಮಲಗಿದರೆ ಸರಿಹೋದೀತು’ ಎಂದು ಸಂಜೆಯವರೆಗೆ ಮಲಗಿಸಿದರು. ಈಗ ಅವರು ಕೋಲೂರಿ ನಡೆಯುತ್ತಾರೆ. ಮನೆಯವರಿಗೆ ಪ್ರೀತಿಯ ಕೊರತೆಯಿರಲಿಲ್ಲ, ತಿಳಿವಳಿಕೆಯ ಕೊರತೆಯಿತ್ತು. ಈ ಲೇಖನವನ್ನೋದಿದ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರಿಗೆ ಇದನ್ನು ತಿಳಿಯಹೇಳಿದರೆ ನಮ್ಮ ಶ್ರಮ ಸಾರ್ಥಕ.